ಹಿಮದ ಇಳಿಜಾರಿಗೂ ಬೇಕು ಪಹಣಿ

ಶಿಗ್ಗಾಂವಿ ತಾಲ್ಲೂಕಿನ ದುಂಡಸಿ ಭಾಗದಲ್ಲಿ ಹಿಮದ ಮಾತು ಬಂದರೆ ಕಣ್ಣಾರೆ ಕಂಡು ಹೇಳುವವರು ಹೆಚ್ಚಾಗಿ ಮಿಲಿಟರಿಗೆ ಹೋಗಿ ಬಂದವರೇ. ಉಳಿದವರಿಗೆ ಅದು ಟೀವಿಯಲ್ಲಿ ನೋಡಿದ್ದು. 2016ರ ಫೆಬ್ರುವರಿಯಲ್ಲಿ ಮಾತ್ರ ಸಿಯಾಚಿನ್ ಹಿಮ ಈ ಸೀಮೆಯ ಮನೆಮನೆಯ ಮಾತಾಯಿತು. ಪಕ್ಕದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆ ಹಿಮದಡಿ ಸಿಲುಕಿದ್ದರು.

ಫೆಬ್ರುವರಿ 3ರಂದು ಸುಮಾರು 19,600 ಅಡಿ ಎತ್ತರದ ಸೋನಂ ಪೋಸ್ಟ್ ಮೇಲೆ ಹಿಮದ ಗೋಡೆಯೇ ಕುಸಿದು ಬಿತ್ತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕರ್ನಾಟಕದವರು: ಹನುಮಂತಪ್ಪ, ಹಾಸನದ ತೇಜೂರಿನ ಸುಬೇದಾರ್ ನಾಗೇಶ್, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್. ಕಲ್ಲಿನಂತಾಗಿದ್ದ ಮಂಜುಗಡ್ಡೆಯನ್ನು ವಿದ್ಯುತ್ ಗರಗಸದಿಂದ ಕೊಯ್ಯುತ್ತ, ನೆಲದೊಳಗನ್ನು ತಡಕುವ ರಾಡಾರ್ ಹಿಡಿದು, ಡಾಟ್ ಮತ್ತು ಮಿಶಾ ಎಂಬ ನಾಯಿಗಳ ಮೂಗನ್ನು ನಂಬಿ ಸೈನಿಕರು ಹಗಲಿರುಳು ಹುಡುಕಿದರು. ಫೆಬ್ರುವರಿ 8ರಂದು, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಲ್ಲಿ, ಹನುಮಂತಪ್ಪ ಉಸಿರಾಡುತ್ತಿದ್ದರು. ಉಳಿದ ಒಂಬತ್ತು ಮಂದಿ ತೀರಿಕೊಂಡಿದ್ದರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪನವರೂ ಕೊನೆಯುಸಿರೆಳೆದರು.

ಅಷ್ಟು ದಿನ ಬದುಕುಳಿಯುವುದು ಪವಾಡವೇ ಸರಿ. ಹಿಮದಡಿ ಹೂತವರನ್ನು ಮೊದಲ ಹತ್ತು-ಹದಿನೈದು ನಿಮಿಷದಲ್ಲಿ ಹೊರತೆಗೆದರೆ ಬಹುತೇಕರು ಬದುಕುತ್ತಾರೆ. ಅಲ್ಲಿಂದ ಅರ್ಧ ಗಂಟೆ ದಾಟುವಷ್ಟರಲ್ಲಿ ಆಸೆ ಸರ್ರನೆ ಇಳಿಯುತ್ತದೆ. ಆದ್ದರಿಂದ ಹಿಮಕುಸಿತದಲ್ಲಿ ಜೀವ ಉಳಿಸುವ ಕೆಲಸ ನಡೆಯಬೇಕಾದದ್ದು ಕುಸಿತಕ್ಕೆ ಮುಂಚೆ. ಯಾವ ಇಳಿಜಾರು ಜಾರುತ್ತದೆ, ಯಾವಾಗ ಜಾರುತ್ತದೆ, ಜಾರಿದ ಹಿಮ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದು ಗೊತ್ತಿದ್ದರೆ ಅಲ್ಲಿ ಟೆಂಟ್ ಹಾಕುವುದನ್ನೇ ತಪ್ಪಿಸಬಹುದು. ಇದಕ್ಕೆ ಬೇಕಾದದ್ದು ದಾಖಲೆ. ಹೊಲದ ಸರ್ವೆ ನಂಬರ್ ಹೇಳಿದರೆ ಯಾವ ವರ್ಷ ಏನು ಬೆಳೆ ಇತ್ತೆಂದು ಪಹಣಿ ಹೇಳುತ್ತದಲ್ಲ, ಹಾಗೆಯೇ ಪ್ರತಿ ಇಳಿಜಾರಿಗೂ ವರ್ಷಾವಾರು ಲೆಕ್ಕ ಬೇಕು.

ಈ ಲೆಕ್ಕ ಇಡುವವರು ಯಾರು? ರಸ್ತೆಗೆ ಬಿದ್ದ ಹಿಮವನ್ನು ಜನ ನೋಡುತ್ತಾರೆ. ಜನವಿಲ್ಲದ ಕಣಿವೆಯಲ್ಲಿ ಬಿದ್ದದ್ದನ್ನು ಯಾರೂ ನೋಡುವುದಿಲ್ಲ. ಹಿಮ ಜೋರಾಗಿ ಬೀಳುವ ದಿನವೇ ಕುಸಿತವೂ ಹೆಚ್ಚು. ಅಂದೇ ಮೋಡ ಕವಿದು ಹೆಲಿಕಾಪ್ಟರ್ ಹಾರುವುದಿಲ್ಲ, ಕ್ಯಾಮೆರಾ ಉಪಗ್ರಹಕ್ಕೂ ಕಣ್ಣು ಕಟ್ಟಿದಂತಾಗುತ್ತದೆ. ಇಲ್ಲಿ ನೆರವಿಗೆ ಬರುವುದು ರಾಡಾರ್ ಉಪಗ್ರಹ. ಅದು ಬಿಸಿಲಿಗೆ ಕಾಯುವುದಿಲ್ಲ. ತಾನೇ ಮೈಕ್ರೋವೇವ್ ತರಂಗಗಳನ್ನು ಓರೆಯಾಗಿ ನೆಲಕ್ಕೆ ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತದೆ. ಮೋಡವಿರಲಿ, ಕತ್ತಲಿರಲಿ, ಅದಕ್ಕೆ ತಡೆಯಿಲ್ಲ.

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-1ಎ ಉಪಗ್ರಹ 2014ರ ಏಪ್ರಿಲ್ 3ರಂದು ಹಾರಿತು. ಸುಮಾರು 690 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ಒಂದೇ ದಾರಿಗೆ 12 ದಿನಕ್ಕೊಮ್ಮೆ ಮರಳುವಂತೆ ಅದರ ಕಕ್ಷೆಯನ್ನು ಹೊಂದಿಸಲಾಗಿದೆ. ತರಂಗದ ಉದ್ದ ಐದೂವರೆ ಸೆಂಟಿಮೀಟರಿನಷ್ಟು. ಈ ತರಂಗ ಒಣ ಹಿಮದ ಪದರವನ್ನು ತೂರಿ ಕೆಳಗಿನ ನೆಲ ಮುಟ್ಟುತ್ತದೆ. ಕುಸಿದು ಬಂದ ಹಿಮದ ರಾಶಿ ಹಾಗಲ್ಲ. ಅದು ಒತ್ತಾಗಿ, ಉಂಡೆ ಉಂಡೆಯಾಗಿ, ಒರಟಾಗಿರುತ್ತದೆ. ತರಂಗಗಳು ಅದಕ್ಕೆ ಬಡಿದು ಎಲ್ಲ ದಿಕ್ಕಿಗೂ ಚದುರಿ, ಒಂದಷ್ಟು ಪಾಲು ಹೆಚ್ಚಾಗಿಯೇ ಉಪಗ್ರಹಕ್ಕೆ ಮರಳುತ್ತದೆ. ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ.

ಆದರೆ ಬಂಡೆಯೂ ಹೊಳೆಯುತ್ತದೆ, ಊರಿನ ಕಟ್ಟಡವೂ ಹೊಳೆಯುತ್ತದೆ. ಹಿಮಕುಸಿತವನ್ನು ಬೇರ್ಪಡಿಸಲು ತಜ್ಞರು ಒಂದೇ ಜಾಗದ ಎರಡು ಚಿತ್ರ ತೆಗೆದುಕೊಳ್ಳುತ್ತಾರೆ. ಹಳೆಯ ಚಿತ್ರಕ್ಕೆ ಕೆಂಪು ಮತ್ತು ನೀಲಿ, ಹೊಸದಕ್ಕೆ ಹಸಿರು ಬಣ್ಣ ಕೊಟ್ಟು ಒಂದರ ಮೇಲೊಂದು ಇಡುತ್ತಾರೆ. ಏನೂ ಬದಲಾಗದ ಬಂಡೆ, ಕಾಡು, ಊರು ಬೂದು ಬಣ್ಣದಲ್ಲಿ ಉಳಿಯುತ್ತವೆ. ಎರಡು ಚಿತ್ರಗಳ ನಡುವಿನ ದಿನಗಳಲ್ಲಿ ಹಿಮ ಕುಸಿದಿದ್ದರೆ ಕಣಿವೆಯ ಬುಡದಲ್ಲಿ ಹಸಿರು ನಾಲಿಗೆಯೊಂದು ಚಾಚಿಕೊಂಡಿರುತ್ತದೆ: ಮೇಲೆ ಸಪೂರ, ಕೆಳಗೆ ಅಗಲ. ಅದರ ತುದಿಯನ್ನು ನಕಾಶೆಯಲ್ಲಿ ಗುರುತಿಸಿದರೆ ಹಿಮ ಎಲ್ಲಿಯವರೆಗೆ ಬಂತು ಎಂಬುದಕ್ಕೆ ಸಾಕ್ಷಿ ಸಿಕ್ಕಂತೆ.

ನಾರ್ವೆಯ ಟ್ರೊಮ್ಸೊ ನಗರದಲ್ಲಿ ಮಾರ್ಕಸ್ ಎಕರ್‌ಸ್ಟಾರ್ಫರ್, ಐರಿಕ್ ಮಾಲ್ನೆಸ್ ಮತ್ತು ಜೊತೆಗಾರರು ಈ ವಿಧಾನವನ್ನು ಬೆಳೆಸಿದರು. ಮೊದಲು ಕಣ್ಣಿನಿಂದ ನೋಡಿ ಗುರುತು ಹಾಕುತ್ತಿದ್ದರು. ಮುಂದೆ ಕಂಪ್ಯೂಟರೇ ಹಸಿರು ಮಚ್ಚೆಗಳನ್ನು ಹೆಕ್ಕುವಂತೆ ಮಾಡಿದರು. ಆ ದೇಶದ ಹಿಮಕುಸಿತ ಮುನ್ಸೂಚನೆ ಕೊಡುವವರಿಗೆ ಇಂದು ಹೀಗೆ ಹೆಕ್ಕಿದ ಕುಸಿತಗಳ ಪಟ್ಟಿ ಕೈಗೆ ಸಿಗುತ್ತದೆ. ನಿನ್ನೆ ಹೇಳಿದ ಸೂಚನೆ ಸರಿಯಿತ್ತೇ ಎಂದು ಒರೆಗೆ ಹಚ್ಚಿ ನೋಡಲು ಅವರಿಗೆ ಇದೊಂದು ಒಳ್ಳೆಯ ಸಾಧನ.

ಮಿತಿಗಳನ್ನೂ ಹೇಳಬೇಕು. ರಾಡಾರ್ ಓರೆಯಾಗಿ ನೋಡುವುದರಿಂದ ಕಡಿದಾದ ಪರ್ವತದ ಒಂದು ಮಗ್ಗುಲು ನೆರಳಿನಲ್ಲಿ ಮರೆಯಾಗುತ್ತದೆ, ಇನ್ನೊಂದು ಮಗ್ಗುಲು ತನ್ನ ಮೇಲೆ ತಾನೇ ಮಡಚಿಕೊಂಡಂತೆ ಕಾಣುತ್ತದೆ. ಹಿಮಾಲಯದಲ್ಲಿ ಈ ತೊಂದರೆ ಹೆಚ್ಚು. ಚಿಕ್ಕ ಕುಸಿತಗಳು ಕಣ್ಣು ತಪ್ಪಿಸುತ್ತವೆ. ಒದ್ದೆ ಹಿಮ ತರಂಗವನ್ನು ಹೀರಿಕೊಂಡು ಚಿತ್ರವನ್ನೇ ಕಪ್ಪಾಗಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಉಪಗ್ರಹ ಬರುವುದು ದಿನಗಳ ಅಂತರದಲ್ಲಿ. ‘ಈಗ ಕುಸಿಯುತ್ತಿದೆ, ಓಡಿ’ ಎಂದು ಅದು ಹೇಳಲಾರದು. ಆ ಕೆಲಸಕ್ಕೆ ನೆಲದ ಮೇಲೆಯೇ ರಾಡಾರ್ ಬೇಕು. 2022ರಲ್ಲಿ ಉತ್ತರ ಸಿಕ್ಕಿಂನಲ್ಲಿ, 15,000 ಅಡಿ ಎತ್ತರದಲ್ಲಿ, ಸೇನೆ ಮತ್ತು ಡಿಆರ್‌ಡಿಒದ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ ಅಂಥದೊಂದನ್ನು ನಿಲ್ಲಿಸಿದವು. ಕುಸಿತ ಶುರುವಾದ ಮೂರು ಸೆಕೆಂಡಿನಲ್ಲಿ ಅದು ಎಚ್ಚರಿಸುತ್ತದೆ. ಆದರೆ ಹಿಮಾಲಯದುದ್ದಕ್ಕೂ ಪ್ರತಿ ಇಳಿಜಾರಿಗೂ ಒಂದೊಂದು ರಾಡಾರ್ ನಿಲ್ಲಿಸಲು ಸಾಧ್ಯವಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ತೋರಿಸಲಿಕ್ಕೂ ಆಕಾಶದ ಲೆಕ್ಕವೇ ಬೇಕು.

ಈ ಲೆಕ್ಕ ಸೈನ್ಯಕ್ಕಷ್ಟೇ ಬೇಕಾದದ್ದೂ ಅಲ್ಲ. 2025ರ ಫೆಬ್ರುವರಿ 28ರಂದು ಉತ್ತರಾಖಂಡದ ಮಾಣಾ ಬಳಿ ಗಡಿ ರಸ್ತೆಗಳ ಸಂಸ್ಥೆಯ ಶಿಬಿರದ ಮೇಲೆ ಹಿಮ ಕುಸಿದಾಗ 54 ಕಾರ್ಮಿಕರು ಸಿಲುಕಿದರು. ಎಂಟು ಮಂದಿ ಸತ್ತರು. ಸಿಯಾಚಿನ್ ಸಮೀಪದ ಗಯಾರಿಯಲ್ಲಿ 2012ರ ಏಪ್ರಿಲ್ 7ರಂದು ಪಾಕಿಸ್ತಾನದ 140 ಮಂದಿ ಒಂದೇ ಕುಸಿತಕ್ಕೆ ಬಲಿಯಾದರು. ಹಿಮಕ್ಕೆ ಗಡಿಯೂ ಗೊತ್ತಿಲ್ಲ, ಸಮವಸ್ತ್ರವೂ ಗೊತ್ತಿಲ್ಲ.

ಭಾರತಕ್ಕೆ ರಾಡಾರ್ ಉಪಗ್ರಹದ ವಿದ್ಯೆ ಹೊಸದಲ್ಲ. ದೇಶದಲ್ಲೇ ತಯಾರಾದ ರಾಡಾರ್ ಹೊತ್ತ ರಿಸ್ಯಾಟ್-1 ಹಾರಿದ್ದು 2012ರ ಏಪ್ರಿಲ್ 26ರಂದು. ಅದೇ ಸಾಲಿನ ಇಒಎಸ್-04 ಹಾರಿದ್ದು 2022ರ ಫೆಬ್ರುವರಿ 14ರಂದು. ಇಸ್ರೊ ಮತ್ತು ನಾಸಾ ಕೂಡಿ ಕಟ್ಟಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಅದರ ಭಾಗಗಳನ್ನು ಜೋಡಿಸಿ ಪೂರ್ಣ ಉಪಗ್ರಹವಾಗಿಸಿದ್ದು ನಮ್ಮ ಬೆಂಗಳೂರಿನಲ್ಲಿ. 12 ಮೀಟರ್ ಅಗಲದ, ಕೊಡೆಯಂಥ ಜಾಲರಿ ಆಂಟೆನಾ, ಎರಡು ಬೇರೆ ಬೇರೆ ಉದ್ದದ ತರಂಗಗಳು ಅದರ ವಿಶೇಷ. ಅದರದೂ 12 ದಿನಗಳ ಸುತ್ತು.

ಇಂಥ ರಾಡಾರ್ ಉಪಗ್ರಹಗಳು ದುಂಡಸಿ ಹೊಲಗಳ ಮೇಲೂ ಹಾಯುತ್ತವೆ, ಹೆಚ್ಚುಕಡಿಮೆ ಬೆಳಗಿನ ಆರಕ್ಕೆ ಅಥವಾ ಸಂಜೆ ಆರಕ್ಕೆ. ರಂಟೆ ಹೊಡೆದು ಹೆಂಟೆ ಎದ್ದ ಹೊಲ ಅವುಗಳ ಚಿತ್ರದಲ್ಲಿ ಬೆಳ್ಳಗೆ ಬರುತ್ತದೆ, ನೀರು ನಿಂತ ಗದ್ದೆ ಕಪ್ಪಗೆ. ಮಳೆಗಾಲದ ಮೋಡದಡಿಯ ಭತ್ತದ ಕ್ಷೇತ್ರವನ್ನು ದೇಶದಲ್ಲಿ ಇಂಥ ಚಿತ್ರಗಳಿಂದಲೂ ಅಂದಾಜು ಮಾಡುತ್ತಾರೆ. ಹೆಂಟೆಯ ಒರಟುತನ ಓದುವ ಗಣಿತವೇ ಕುಸಿದ ಹಿಮದ ಒರಟುತನವನ್ನೂ ಓದುತ್ತದೆ. ಸೆಂಟಿನೆಲ್ ಚಿತ್ರಗಳು ಎಲ್ಲರಿಗೂ ಉಚಿತ. ಹಾವೇರಿ, ಧಾರವಾಡದ ಕಾಲೇಜಿನಲ್ಲಿ ಭೂಗೋಳವನ್ನೋ ಕಂಪ್ಯೂಟರನ್ನೋ ಓದುವ ಹುಡುಗ ಹುಡುಗಿಯರು ಇಲ್ಲೇ ಕುಳಿತು ಲಡಾಖಿನ ಒಂದು ಕಣಿವೆಯ ಚಿತ್ರ ಇಳಿಸಿಕೊಂಡು ಹಸಿರು ನಾಲಿಗೆಗಳನ್ನು ಎಣಿಸಬಹುದು. ಸೈನ್ಯಕ್ಕೆ ಮಕ್ಕಳನ್ನು ಕಳಿಸುವ ಸೀಮೆ ಈ ಓದನ್ನೂ ತನ್ನದಾಗಿಸಿಕೊಳ್ಳಬೇಕು.

ಸೆಂಟಿನೆಲ್ ದಾಖಲೆಗೆ ಹತ್ತು ವರ್ಷ ತುಂಬಿದೆ. ಸೇನೆಯ ಪೋಸ್ಟ್ ಇರಲಿ, ರಸ್ತೆ ಕೂಲಿಗಳ ಶಿಬಿರ ಇರಲಿ, ಚಾರಣಿಗರ ತಾಣ ಇರಲಿ, ಗೂಟ ಹೊಡೆಯುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಕಳೆದ ಹತ್ತು ಚಳಿಗಾಲದಲ್ಲಿ ಈ ಇಳಿಜಾರಿನಿಂದ ಏನೇನು ಬಿತ್ತು, ಎಲ್ಲಿಯವರೆಗೆ ಬಂತು? ಹಿಂದೆ ಇದಕ್ಕೆ ಉತ್ತರ ಹೇಳುವವರಿರಲಿಲ್ಲ. ಈಗ ಬಹಳಷ್ಟು ಕಣಿವೆಗಳಿಗೆ ಉತ್ತರ ಹುಡುಕುವ ದಾರಿ ಇದೆ. ಕೇಳದೆ ಟೆಂಟ್ ಹಾಕಬಾರದು ಎಂಬುದು ನಿಯಮವಾಗಬೇಕು.