ನೋಯದ ಕಾಲನ್ನು ಮೊದಲು ನೋಡಿ



ಹಸು ಒಂದು ಕಾಲನ್ನು ಊರದೆ ಎತ್ತಿಕೊಂಡು ನಿಂತರೆ ಸಾಕು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಮನೆಗೆ ಹೋಗುವ ಮೊದಲೇ ನೀವು ನನಗೆ ಫೋನ್ ಮಾಡುತ್ತೀರಿ. ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿದೆಯೋ, ಹುಣ್ಣಾಗಿದೆಯೋ, ಮುಟ್ಟಿದರೆ ಬಿಸಿ ಇದೆಯೋ ಎಲ್ಲವನ್ನೂ ನೀವೇ ನೋಡಿ ಹೇಳುತ್ತೀರಿ. ನಾನು ಬಂದು ನೋಡಿದಾಗ ಬಹುಪಾಲು ನೀವು ಹೇಳಿದ್ದೇ ನಿಜವಾಗಿರುತ್ತದೆ. ಕಾಲು ನೋಡುವುದನ್ನು ಇಷ್ಟು ಚೆನ್ನಾಗಿ ಬಲ್ಲ ನೀವು ನಿಮ್ಮ ಸ್ವಂತ ಅಂಗಾಲನ್ನು ಕೊನೆಯ ಸಲ ನೋಡಿದ್ದು ಯಾವಾಗ?

ನಾನು ದನದ ಡಾಕ್ಟರು. ಮನುಷ್ಯರ ಕಾಲಿನ ಬಗ್ಗೆ ಇವರಿಗೇನು ಮಾತು ಎಂದು ನೀವು ಕೇಳಬಹುದು. ಇದನ್ನು ಬರೆಯುವ ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರೊಬ್ಬರೊಂದಿಗೆ ಕೂತು ಮಾತಾಡಿದ್ದೇನೆ. ಔಷಧಿ ಬರೆದುಕೊಡುವುದು ಅವರ ಕೆಲಸ, ನನ್ನದಲ್ಲ. ಆದರೆ ಹಸುವಿನ ಗೊರಸು ಹಿಡಿದು ಕೂತಾಗ ಪಕ್ಕದಲ್ಲೇ ನಿಮ್ಮ ಪಾದ ನನ್ನ ಕಣ್ಣಿಗೆ ಬೀಳುತ್ತದೆ. ಆಸ್ಪತ್ರೆಗೆ ಹೋಗದ ಕಾಲುಗಳನ್ನು ಆಸ್ಪತ್ರೆಯವರಿಗಿಂತ ಹೆಚ್ಚಾಗಿ ನಾನೇ ನೋಡುತ್ತಿದ್ದೇನೆ ಅನ್ನಿಸಿದ್ದರಿಂದ ಈ ಬರಹ.

ಮುಖ್ಯವಾಗಿ ಸಕ್ಕರೆ ಕಾಯಿಲೆ ಇರುವವರಿಗಾಗಿ ಹೇಳುತ್ತಿದ್ದೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಅದು ಪೇಟೆಯವರ ಕಾಯಿಲೆ, ಮೈಬಗ್ಗಿಸಿ ದುಡಿಯುವವರಿಗೆ ಬರುವುದಿಲ್ಲ ಎಂಬ ಮಾತನ್ನು ಈಗ ಯಾವ ಹಳ್ಳಿಯಲ್ಲೂ ಹೇಳುವ ಹಾಗಿಲ್ಲ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶುಗರ್ ಮತ್ತು ಬಿ.ಪಿ. ಪರೀಕ್ಷೆ ಉಚಿತ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳುತ್ತಾರೆ.

ಶುಗರ್ ಬಹಳ ವರ್ಷ ಹತೋಟಿ ತಪ್ಪಿದರೆ ಮೊದಲು ಪೆಟ್ಟು ತಿನ್ನುವ ಜಾಗಗಳಲ್ಲಿ ಪಾದವೂ ಒಂದು. ಅಲ್ಲಿಯ ನರಗಳು ಸೊರಗುತ್ತವೆ. ಮೊದಮೊದಲು ಜುಮ್ಮೆನ್ನುತ್ತದೆ, ಇರುವೆ ಹರಿದ ಹಾಗೆ, ಉರಿ ಇಟ್ಟ ಹಾಗೆ ಆಗುತ್ತದೆ. ಆಮೇಲೆ ಒಂದು ದಿನ ಅದೂ ನಿಲ್ಲುತ್ತದೆ. "ಈಗ ವಾಸಿ ಮೇಡಂ, ಉರಿ ಹೋಯ್ತು" ಎಂದು ಸಮಾಧಾನಪಡುವವರನ್ನು ನಾನು ಕಂಡಿದ್ದೇನೆ. ಶುಗರ್ ಹಾಗೆಯೇ ಇದ್ದು ಉರಿ ಮಾತ್ರ ಹೋಗಿದ್ದರೆ, ಅನೇಕ ಸಲ ಅದು ವಾಸಿಯಾದ ಗುರುತಲ್ಲ, ಸ್ಪರ್ಶವೇ ಹೋದ ಗುರುತು. ನರ ಸೊರಗಿದ ಪಾದ ಬೆವರುವುದೂ ಕಡಿಮೆ, ಹಾಗಾಗಿ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಜೊತೆಗೆ ರಕ್ತನಾಳಗಳು ಕಿರಿದಾಗಿ ಗಾಯಕ್ಕೆ ಬೇಕಾದ ರಕ್ತ ಸರಿಯಾಗಿ ತಲುಪುವುದಿಲ್ಲ. ಹೀಗೆ ಗಾಯ ಆಗುವುದು ಸುಲಭ, ಗೊತ್ತಾಗುವುದು ಕಷ್ಟ, ಮಾಯುವುದು ಇನ್ನೂ ಕಷ್ಟ.

ಒಮ್ಮೆ ಮಳೆಗಾಲದಲ್ಲಿ ಗೊರಸು ಹುಣ್ಣಾದ ಹಸುವೊಂದನ್ನು ನೋಡಲು ಹೋಗಿದ್ದೆ. ಹಗ್ಗ ಹಿಡಿದು ನಿಂತಿದ್ದವರು ಮನೆಯ ಯಜಮಾನಿ, ಐವತ್ತೈದರ ಆಸುಪಾಸು, ಎಂಟು ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿದ್ದವರು. ಕೊಟ್ಟಿಗೆಯ ಸಿಮೆಂಟು ನೆಲದ ಮೇಲೆ ಅವರು ಹೆಜ್ಜೆ ಇಟ್ಟ ಕಡೆಯೆಲ್ಲ ಕೆಂಪು ಕಲೆ. ಹಸುವಿನ ರಕ್ತವೇ ಇರಬೇಕು ಎಂದು ಅವರೂ ಅಂದುಕೊಂಡಿದ್ದರು. ಹಸು ಕಟ್ಟಿದ್ದುದು ಅತ್ತ ಮೂಲೆಯಲ್ಲಿ. "ಅಮ್ಮಾ, ಸ್ವಲ್ಪ ಚಪ್ಪಲಿ ಬಿಡಿ" ಎಂದೆ. ಚಪ್ಪಲಿ ಬಿಡಲು ಬರಲಿಲ್ಲ. ಅಟ್ಟೆಯನ್ನು ತೂರಿ ಬಂದ ಮೊಳೆ ಅಂಗಾಲಿನೊಳಗೆ ಕೂತಿತ್ತು, ಸುತ್ತ ಹಳೆಯ ಹುಣ್ಣು. ಹೊಕ್ಕು ಎಷ್ಟು ದಿನವಾಗಿತ್ತೋ ಅವರಿಗೇ ಗೊತ್ತಿಲ್ಲ. "ಒಂಚೂರೂ ನೋವಿಲ್ಲ ಮೇಡಂ, ಮೊದಲು ಹಸು ನೋಡಿ" ಎಂದೇ ಹೇಳುತ್ತಿದ್ದರು. ಅವರ ಮಗನನ್ನು ಕರೆಸಿ ಆಗಲೇ ಆಸ್ಪತ್ರೆಗೆ ಕಳಿಸಿದೆವು. ಸೋಂಕು ಮೂಳೆಗೆ ಇಳಿದಿತ್ತು. ಕಾಲುಂಗುರ ಇದ್ದ ಬೆರಳನ್ನು ತೆಗೆಯಬೇಕಾಯಿತು, ಪಾದ ಉಳಿಯಿತು. ಹಸು ಹತ್ತು ದಿನದಲ್ಲಿ ಸರಿಹೋಯಿತು. ಅದಕ್ಕೆ ನೋವಿತ್ತು, ಹಾಗಾಗಿ ಕುಂಟಿತು, ಹಾಗಾಗಿ ನಾವು ನೋಡಿದೆವು.

ನೋವಿಲ್ಲದ ಕಾಲು ಏನಾಗುತ್ತದೆ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್ ಹತ್ತಿರದಿಂದ ಕಂಡರು. ಬೆರಳುಗಳು ಕುಷ್ಠದಿಂದಲೇ ಉದುರುತ್ತವೆ ಎಂದು ಜನ ನಂಬಿದ್ದ ಕಾಲ ಅದು. ನೋವು ತಿಳಿಯದ ಕೈಕಾಲಿಗೆ ಆಗುವ ಸುಟ್ಟಗಾಯ, ಚುಚ್ಚುಗಾಯಗಳೇ ಬೆರಳನ್ನು ತಿನ್ನುತ್ತವೆ ಎಂದು ಅವರು ತೋರಿಸಿಕೊಟ್ಟರು. ರಾತ್ರಿ ಮಲಗಿದಾಗ ಇಲಿ ಕಚ್ಚಿದರೂ ಆ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲ. ಇದನ್ನು ಯಾಕೆ ಹೇಳಿದೆ ಎಂದರೆ, ಇಲಿ ಕಚ್ಚಿದ ಗಾಯ ನಮ್ಮಲ್ಲಿ ಶುಗರ್ ಇರುವವರ ಕಾಲಿನಲ್ಲೂ ಕಾಣಸಿಗುತ್ತದೆ. ಪಶು ಆಹಾರದ ಮೂಟೆ, ಹಿಂಡಿ, ಬೂಸಾ ಇರುವ ಕೋಣೆಯಲ್ಲೇ ಮಲಗುವವರು ನಿಮ್ಮಲ್ಲಿ ಎಷ್ಟು ಮಂದಿ ಇಲ್ಲ? ಮೂಟೆಯನ್ನು ಮುಚ್ಚಳವಿರುವ ಡ್ರಮ್ಮಿಗೆ ಹಾಕಿ ಬೇರೆ ಕಡೆ ಇಡಿ. ಅದಾಗದಿದ್ದರೆ ನೀವು ಬೇರೆ ಕಡೆ ಮಲಗಿ.

ನಿಮ್ಮ ಕಾಲಿಗೆ ಸ್ಪರ್ಶ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಲು ಒಂದು ಸುಲಭ ವಿಧಾನವಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯ ವೈದ್ಯರು ರೂಪಿಸಿದ್ದು. ಕಣ್ಣು ಮುಚ್ಚಿ ಕಾಲು ಚಾಚಿ ಕೂತುಕೊಳ್ಳಿ. ಮಗಳೋ ಸೊಸೆಯೋ ತಮ್ಮ ತೋರುಬೆರಳಿನ ತುದಿಯಿಂದ ನಿಮ್ಮ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಒಂದೆರಡು ಸೆಕೆಂಡು ಮುಟ್ಟಿದರೆ ಸಾಕು. ಮುಟ್ಟಿದ್ದು ಗೊತ್ತಾದಾಗ ಯಾವ ಕಾಲು ಎಂದು ಹೇಳಿ. ಎರಡೂ ಕಾಲು ಸೇರಿ ಆರು ಬೆರಳು. ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ನಿಮ್ಮ ಪಾದದ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಇನ್ನೊಂದು ಗುರುತು ಮನೆಯವರಿಗೇ ಕಾಣುತ್ತದೆ: ಚಪ್ಪಲಿ ಕಾಲಿನಿಂದ ಕಳಚಿಕೊಂಡರೂ ತಿಳಿಯದೆ ಮುಂದೆ ನಡೆದುಬಿಡುವುದು.

ಇನ್ನು ಕೊಟ್ಟಿಗೆಗೆ ಬರೋಣ. ಲಕ್ಷ್ಮಿ ಇರುವ ಜಾಗ, ಚಪ್ಪಲಿ ಮೆಟ್ಟಿ ಹೋಗಬಾರದು ಎಂದು ಬರಿಗಾಲಲ್ಲಿ ಹೋಗುವವರಿದ್ದಾರೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಅದಕ್ಕೇ ಕೊಟ್ಟಿಗೆಗೆಂದೇ ಬೇರೆ, ಹೊರಗೆ ಎಲ್ಲೂ ಹಾಕದ, ತೊಳೆದಿಟ್ಟ ಒಂದು ಜೊತೆ ರಬ್ಬರ್ ಬೂಟು ಇಟ್ಟುಕೊಳ್ಳಿ. ಹಸುವಿಗೂ ಹೊರಗಿನ ರೋಗ ಬರುವುದು ಕಡಿಮೆಯಾಗುತ್ತದೆ, ಇದನ್ನು ದನದ ಡಾಕ್ಟರಾಗಿಯೂ ಹೇಳುತ್ತೇನೆ. ಬೂಟು ಹಾಕುವ ಮೊದಲು ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈ ಹಾಕಿ ನೋಡಿ. ಒಂದು ಜೋಳದ ಕಾಳಿನಷ್ಟು ಕಲ್ಲು ಸಾಕು, ಸ್ಪರ್ಶವಿಲ್ಲದ ಅಂಗಾಲಿನಲ್ಲಿ ಸಂಜೆಯೊಳಗೆ ಹುಣ್ಣು ಮಾಡಲು. ಕೆಲಸ ಮುಗಿದ ಮೇಲೆ ಬೂಟು ಬಿಟ್ಟು ಕಾಲು ಒರೆಸಿಕೊಳ್ಳಿ, ಬೆವೆತ ಕಾಲನ್ನು ದಿನವಿಡೀ ಅದರಲ್ಲೇ ಇಡಬೇಡಿ. ಮೇವು ಕೊಯ್ಯಲು ಹೋದಾಗ ಜೋಳದ ಕೂಳೆ, ಜಾಲಿ ಮುಳ್ಳು ಎರಡೂ ಹವಾಯಿ ಚಪ್ಪಲಿಯನ್ನು ಸಲೀಸಾಗಿ ದಾಟುತ್ತವೆ.

ಗೊರಸಿಗೆಂದು ನಾವು ಮಾಡಿಸುವ ಮೈಲುತುತ್ತದ ನೀರು, ಫಾರ್ಮಾಲಿನ್ ನೀರು ನಿಮ್ಮ ಕಾಲಿಗೆ ತಾಗಬಾರದು. ಹಾಗೆಯೇ ಹಸುವಿನ ಗಾಯಕ್ಕೆ ನಾನು ಕೊಟ್ಟ ಮುಲಾಮು, ಸ್ಪ್ರೇ, ಟರ್ಪೆಂಟೈನ್ ಎಣ್ಣೆ. "ಹಸುವಿಗೆ ಅಷ್ಟು ಬೇಗ ವಾಸಿಯಾಯ್ತು, ಅದಕ್ಕೆ ನನಗೂ ಹಚ್ಚಿಕೊಂಡೆ" ಎಂದು ನಗುತ್ತಾ ಹೇಳಿದವರು ಒಬ್ಬರಲ್ಲ ಇಬ್ಬರಲ್ಲ. ದಯವಿಟ್ಟು ಬೇಡ. ಗಾಯಕ್ಕೆ ಸುಣ್ಣ, ಬೂದಿ, ಸಗಣಿ ಕೂಡ ಬೇಡ. ಸಗಣಿ ಮತ್ತು ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ವರ್ಷಗಟ್ಟಲೆ ಬದುಕಿರುತ್ತದೆ. ಕೊಟ್ಟಿಗೆಯಲ್ಲಿ ಚುಚ್ಚಿದ ಯಾವ ಗಾಯಕ್ಕಾದರೂ ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ, ಶುಗರ್ ಇರಲಿ ಇಲ್ಲದಿರಲಿ.

ಬಿಸಿಯ ಬಗ್ಗೆಯೂ ಎಚ್ಚರ. ಕಾಲು ಸೇದುತ್ತದೆ ಎಂದು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಡುವುದು, ಮಾಗಿಯ ಚಳಿಯಲ್ಲಿ ಒಲೆಯ ಮುಂದೆ ಪಾದ ಚಾಚುವುದು, ಗಂಡನ ಬೈಕಿನ ಹಿಂದೆ ಕೂತಾಗ ಸೈಲೆನ್ಸರಿಗೆ ಕಾಲು ತಾಗುವುದು, ಇವೆಲ್ಲ ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ನೀರು ಬಿಸಿ ಎಷ್ಟಿದೆ ಎಂದು ಮೊಣಕೈ ಅದ್ದಿ ನೋಡಿ.

ಶುಗರ್ ಇಲ್ಲದವರಿಗೂ ಬರುವ ಕೆಲವು ತೊಂದರೆಗಳಿವೆ. ಗಂಜಲ, ಸಗಣಿ ನೀರಿನಲ್ಲಿ ನಿಂತು ಬೆರಳ ಸಂದಿ ಬೆಳ್ಳಗಾಗಿ ಕೊಳೆತು ತುರಿಸುವುದು ಶಿಲೀಂಧ್ರದ ಕೆಲಸ. ಕಾಲು ತೊಳೆದು ಸಂದಿಗಳನ್ನು ಹತ್ತಿಬಟ್ಟೆಯಿಂದ ಒತ್ತಿ ಒಣಗಿಸಿದರೆ ಅರ್ಧ ತೊಂದರೆ ಬರುವುದೇ ಇಲ್ಲ. ಮುಲಾಮನ್ನು ವೈದ್ಯರನ್ನು ಕೇಳಿ ತನ್ನಿ. ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ನಿಲ್ಲಿಸಿ ರೋಗ ಉಳಿಸುತ್ತದೆ. ಕಾಲುಂಗುರದ ಕೆಳಗೂ ತೊಳೆದು ಒಣಗಿಸಿ. ಕಾಲು ಊದುವವರು ಉಂಗುರವನ್ನು ಸಡಿಲ ಮಾಡಿಸಿ, ಬೆರಳು ಕೊಯ್ಯುತ್ತಿದ್ದರೆ ತೆಗೆದಿಡಿ. ಇದಕ್ಕೆ ಅತ್ತೆಯವರ ಆಕ್ಷೇಪ ಬರಬಹುದು. ಈ ಪುಟವನ್ನು ಅವರಿಗೂ ಓದಿ ಹೇಳಿ.

ಹಿಮ್ಮಡಿ ಒಡೆತಕ್ಕೆ ರಾತ್ರಿ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು, ಶುಗರ್ ಇರುವವರು ಆಣಿ ಪಟ್ಟಿಯನ್ನೂ ಅಂಟಿಸಬಾರದು, ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ತೋಡಬೇಡಿ. ಗೊರಸು ಕತ್ತರಿಸುವಾಗ "ಜಾಸ್ತಿ ಕೊಯ್ಬೇಡಿ ಮೇಡಂ, ರಕ್ತ ಬರುತ್ತೆ" ಎಂದು ನನ್ನ ಕೈ ಹಿಡಿಯುವವರು ನೀವೇ ಅಲ್ಲವೇ? ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚಿದಂತೆ ನೋವಾಗಿ ನಡೆದಾಡಿದ ಮೇಲೆ ಕಡಿಮೆಯಾದರೆ ಹೆದರುವಂಥದ್ದಲ್ಲ. ಗಟ್ಟಿ ನೆಲದ ಮೇಲೆ ಮೆತ್ತನೆ ಚಪ್ಪಲಿ ಹಾಕಿ, ಮೀನಖಂಡ ಎಳೆಯುವ ವ್ಯಾಯಾಮ ಮಾಡಿ. ವಾಸಿಯಾಗಲು ತಿಂಗಳುಗಳು ಹಿಡಿಯಬಹುದು. ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುವ ಬದಲು ಪುಟ್ಟ ಸ್ಟೂಲು ಬಳಸಿದರೆ ಪಾದದ ಮುಂಭಾಗಕ್ಕೆ ಬೀಳುವ ಭಾರ ಇಳಿಯುತ್ತದೆ.

ಕೊಟ್ಟಿಗೆಯಲ್ಲಿ ಜಾರಿಯೋ ಹಸು ಹಗ್ಗ ಎಳೆದೋ ಕಾಲು ಉಳುಕಿದರೆ, ಮೊದಲು ಕಾಲು ಮೇಲಿಟ್ಟು ತಣ್ಣೀರು ಬಟ್ಟೆ ಹಾಕಿ, ಆಮೇಲೆ ಬಟ್ಟೆ ಸುತ್ತಿ. ನಾಲ್ಕು ಹೆಜ್ಜೆ ಊರಲು ಆಗದಿದ್ದರೆ, ಅಥವಾ ನಾನೂರು ಕಿಲೋ ತೂಗುವ ಹಸು ಪಾದ ತುಳಿದು ಊದಿದ್ದರೆ ಎಕ್ಸ್‌ರೇ ಮಾಡಿಸಿ. ಎಣ್ಣೆ ಹಾಕಿ ತಿಕ್ಕಿಸುವುದು, ಎಳೆಸುವುದು ಬೇಡ. ಶುಗರ್ ಇರುವವರ ಪಾದ ದೊಡ್ಡ ಪೆಟ್ಟಿಲ್ಲದೆಯೂ ಊದಿ, ಕೆಂಪಾಗಿ, ಇನ್ನೊಂದು ಪಾದಕ್ಕಿಂತ ಬಿಸಿಯಾಗಿದ್ದರೆ ಅದನ್ನು ಉಳುಕು ಎಂದುಕೊಳ್ಳಬೇಡಿ. ನೋವು ಕಡಿಮೆ ಇದ್ದರೂ ಒಳಗೆ ಮೂಳೆ ಮುರಿದು ಕುಸಿಯುತ್ತಿರಬಹುದು. ಆ ಕಾಲನ್ನು ಊರದೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಹುಣ್ಣಾಗಿದ್ದರೆ ಡ್ರೆಸಿಂಗ್‌ನಷ್ಟೇ ಮುಖ್ಯವಾದದ್ದು ಭಾರ ಇಳಿಸುವುದು. ಹಸುವಿನ ಒಂದು ಗೊರಸು ಹುಣ್ಣಾದಾಗ ನಾವು ಪಕ್ಕದ ಒಳ್ಳೆಯ ಗೊರಸಿಗೆ ಮರದ ತುಂಡು ಅಂಟಿಸುವುದನ್ನು ನೋಡಿದ್ದೀರಿ. ಭಾರವೆಲ್ಲ ಒಳ್ಳೆಯ ಗೊರಸಿನ ಮೇಲೆ ಬಿದ್ದು, ನೆಲಕ್ಕೆ ತಾಗದ ಹುಣ್ಣು ಮಾಯುತ್ತದೆ. ನಿಮ್ಮ ಪಾದಕ್ಕೂ ಲೆಕ್ಕ ಅದೇ. ವೈದ್ಯರು ಅದಕ್ಕೆ ವಿಶೇಷ ಪಟ್ಟಿಯನ್ನೋ ಚಪ್ಪಲಿಯನ್ನೋ ಕೊಟ್ಟು ಕೆಲವು ವಾರ ಓಡಾಟ ಬೇಡ ಎನ್ನುತ್ತಾರೆ. ನಮ್ಮ ಹೆಣ್ಣುಮಕ್ಕಳು ಸೋಲುವುದು ಇಲ್ಲಿಯೇ. ಎರಡು ಹೊತ್ತು ಹಾಲು ಕರೆಯುವವರು ಯಾರು, ಸಗಣಿ ಬಾಚುವವರು ಯಾರು ಎಂದು ಮೂರನೇ ದಿನಕ್ಕೆ ಎದ್ದುಬಿಡುತ್ತಾರೆ. ನೋವಿಲ್ಲವಲ್ಲ! ಆದ್ದರಿಂದ ಕಾಲು ಚೆನ್ನಾಗಿರುವಾಗಲೇ ಗಂಡನಿಗೆ, ಮಗನಿಗೆ ಹಾಲು ಕರೆಯುವುದನ್ನು ಕಲಿಸಿ. ಹಸು ಹೊಸ ಕೈಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು, ಆ ವಾರಗಳಲ್ಲಿ ಹಾಲು ಸ್ವಲ್ಪ ಇಳಿಯುತ್ತದೆ, ಇಳಿಯಲಿ. ಸಂಘದಲ್ಲಿ ಅಕ್ಕಪಕ್ಕದ ಇಬ್ಬರು ಮೂವರು ಮಾತಾಡಿಕೊಂಡು ಒಬ್ಬರ ಹಸುವನ್ನು ಇನ್ನೊಬ್ಬರು ಕರೆದುಕೊಡುವ ಏರ್ಪಾಡನ್ನು ಕೆಲವು ಕಡೆ ಕಂಡಿದ್ದೇನೆ, ಬಾಣಂತಿಯರಿಗೆ ಮಾಡಿದ ಹಾಗೆಯೇ.

ಪಾದ ನೋಡಿಕೊಳ್ಳಲು ಸಂಜೆ ಡೇರಿಯಿಂದ ಬಂದು ಕಾಲು ತೊಳೆದ ಹೊತ್ತು ಒಳ್ಳೆಯದು. ಬೆಳಕಿನಲ್ಲಿ ಕೂತು ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡಿ. ಬಗ್ಗಲು ಆಗದವರು ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಬಹುದು, ಕಣ್ಣು ಮಂಜಾದವರು ಮೊಮ್ಮಕ್ಕಳನ್ನು ಕರೆಯಬಹುದು. ಬೊಬ್ಬೆ, ಸೀಳು, ಕಪ್ಪು ಕಲೆ, ಕೀವು, ವಾಸನೆ, ಒಂದು ಕಡೆ ಮಾತ್ರ ಬಿಸಿ, ಇವುಗಳಲ್ಲಿ ಯಾವುದಿದ್ದರೂ ವಾರದ ಸಂತೆಯವರೆಗೆ ಕಾಯಬೇಡಿ. ಜೊತೆಗೆ ಜ್ವರ ಬಂದರೆ, ಶುಗರ್ ಇದ್ದಕ್ಕಿದ್ದಂತೆ ಏರಿದರೆ ಆ ರಾತ್ರಿಯೇ ಹೊರಡಿ.

ಶುಗರ್ ತಪಾಸಣೆಗೆ ಹೋದಾಗ ರಕ್ತ ಕೊಟ್ಟು ಮಾತ್ರೆ ತೆಗೆದುಕೊಂಡು ಬರುವುದಷ್ಟೇ ಅಲ್ಲ, ವರ್ಷಕ್ಕೊಮ್ಮೆಯಾದರೂ ಚಪ್ಪಲಿ ಬಿಟ್ಟು "ಡಾಕ್ಟ್ರೇ, ನನ್ನ ಕಾಲು ನೋಡಿ" ಎಂದು ನೀವಾಗಿಯೇ ಕೇಳಿ. ಸ್ಪರ್ಶ ಕಡಿಮೆಯಾಗಿದ್ದರೆ ಇನ್ನೂ ಬೇಗ ಬೇಗ ತೋರಿಸಬೇಕು. ಹುಣ್ಣು ಮಾಯದವರನ್ನು ತಾಲ್ಲೂಕು, ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ. ಬೆಂಗಳೂರಿನಲ್ಲಿ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪಾದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಯಶಸ್ವಿನಿ ಕಾರ್ಡ್ ಮಾಡಿಸಿರುವ ಸದಸ್ಯರು ಯಾವ ಆಸ್ಪತ್ರೆಯಲ್ಲಿ ಯಾವ ಚಿಕಿತ್ಸೆಗೆ ಅದು ನಡೆಯುತ್ತದೆ ಎಂದು ಸಂಘದ ಕಾರ್ಯದರ್ಶಿಯವರಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಮುಂದಿನ ಸಲ ನಾನು ನಿಮ್ಮ ಕೊಟ್ಟಿಗೆಗೆ ಬಂದಾಗ ಹಸುವಿನ ಕಾಲಿನ ಜೊತೆ ನಿಮ್ಮ ಕಾಲನ್ನೂ ವಿಚಾರಿಸುತ್ತೇನೆ, ನಾಚಿಕೊಳ್ಳಬೇಡಿ.