ಉಚ್ಚ ವಿದ್ಯಾಲಯದ ಸ್ಪರ್ಧೆ ಮತ್ತು ಮನಸ್ಸಿನ ಆರೋಗ್ಯ

ಪವಾಯಿಯ ಐ.ಐ.ಟಿ.ಯಲ್ಲಿ ಮಗನಿಗೋ ಮಗಳಿಗೋ ಪ್ರವೇಶ ದೊರೆಯಿತೆಂದರೆ ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಗಳ ನಮ್ಮ ಕನ್ನಡ ಮನೆಗಳಲ್ಲಿ ಹಬ್ಬದ ಸಂಭ್ರಮ ಮೂಡುವುದು ಸಹಜ. 2024ರಲ್ಲಿ ಜೆ.ಇ.ಇ. ಅಡ್ವಾನ್ಸ್‌ಡ್ ಪರೀಕ್ಷೆಗೆ ಕುಳಿತವರು ಸುಮಾರು 1,80,000 ಮಂದಿ. ದೇಶದ 23 ಐ.ಐ.ಟಿ.ಗಳಲ್ಲಿದ್ದ ಸ್ಥಾನಗಳಾದರೋ ಸುಮಾರು 17,700. ಇಷ್ಟನ್ನು ಗೆದ್ದವರಿಗೆ ಇನ್ನೇನು ಚಿಂತೆಯೆಂದು ಹಿರಿಯರು ಭಾವಿಸುತ್ತಾರೆ. ಆದರೆ ಅನೇಕರಿಗೆ ಮಾನಸಿಕ ಒತ್ತಡ ಆರಂಭವಾಗುವುದೇ ಅಲ್ಲಿಂದ.

ಇದರ ಕಾರಣ ಸರಳವಾಗಿದೆ. ಅಂತಹ ವಿದ್ಯಾಲಯದಲ್ಲಿ ಕೂಡುವವರೆಲ್ಲ ತಂತಮ್ಮ ಶಾಲೆಗಳಲ್ಲಿ ಮುಂದಿದ್ದವರೇ. ಅವರಲ್ಲಿ ನೂರು ಮಂದಿಯನ್ನು ಒಂದೇ ತರಗತಿಯಲ್ಲಿ ಕುಳ್ಳಿರಿಸಿದರೆ ಐವತ್ತು ಮಂದಿ ಕೆಳಗಿನ ಅರ್ಧದಲ್ಲಿ ನಿಲ್ಲಲೇಬೇಕು. ಇದು ಲೆಕ್ಕದ ನಿಯಮವೇ ಹೊರತು ಬುದ್ಧಿಯ ಕೊರತೆಯಲ್ಲ. ಆದರೂ ಬಾಲ್ಯದಿಂದ ಮೊದಲಿಗನೆನಿಸಿಕೊಂಡವನು ಎಪ್ಪತ್ತನೆಯವನಾದಾಗ ತಾನು ಸೋತೆನೆಂದೇ ಬಗೆಯುತ್ತಾನೆ. ಪ್ರತಿಭಾವಂತರ ನಡುವೆ ಇರುವ ವಿದ್ಯಾರ್ಥಿಗೆ ತನ್ನ ಸಾಮರ್ಥ್ಯದ ಬಗೆಗಿನ ಭರವಸೆ ಕುಗ್ಗುವುದೆಂಬುದನ್ನು ಮನಶ್ಶಾಸ್ತ್ರಜ್ಞ ಹರ್ಬರ್ಟ್ ಮಾರ್ಷ್ 1980ರ ದಶಕದಲ್ಲಿಯೇ ತೋರಿಸಿಕೊಟ್ಟರು.

ಒತ್ತಡವೆಲ್ಲವೂ ಕೆಡುಕಲ್ಲ. ಪರೀಕ್ಷೆಯ ಮುನ್ನ ಬರುವ ಸ್ವಲ್ಪ ಆತಂಕ ಗಮನವನ್ನು ಹರಿತಗೊಳಿಸುತ್ತದೆ. ಆದರೆ ಅದು ತಿಂಗಳುಗಟ್ಟಲೆ ಮುಂದುವರಿದರೆ ಕಾರ್ಟಿಸಾಲ್ ಎಂಬ ಹಾರ್ಮೋನಿನ ಸಮತೋಲ ತಪ್ಪಿ ನಿದ್ರೆ, ಜೀರ್ಣಶಕ್ತಿ, ಸ್ಮರಣಶಕ್ತಿಗಳು ಕೆಡುತ್ತವೆ. ಹದಿನೆಂಟು ದಾಟಿದ ತರುಣರಿಗೆ 7ರಿಂದ 9 ಗಂಟೆಗಳ ನಿದ್ರೆ ಅಗತ್ಯ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ ಆದುದರಿಂದ ರಾತ್ರಿಯಿಡೀ ಓದುವ ಅಭ್ಯಾಸ ಓದಿಗೇ ಮಾರಕ.

ಈ ಸಮಸ್ಯೆ ಎಷ್ಟು ಗಂಭೀರವೆಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ತಿಳಿಸುತ್ತದೆ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಅತ್ಯಧಿಕ ಸಂಖ್ಯೆ, 1,764, ನಮ್ಮ ಮಹಾರಾಷ್ಟ್ರದ್ದು. ಇಂತಹ ಸಾವಿಗೆ ಒಂದೇ ಕಾರಣವಿರುವುದಿಲ್ಲ. ಒಂಟಿತನ, ಹಣದ ಅಡಚಣೆ, ಜಾತಿಯ ಅವಮಾನ, ಚಿಕಿತ್ಸೆ ದೊರೆಯದ ಖಿನ್ನತೆ ಎಲ್ಲವೂ ಸೇರಿರಬಹುದು. ಉಚ್ಚ ಶಿಕ್ಷಣ ಸಂಸ್ಥೆಗಳ ಈ ಸಂಕಟವನ್ನು ಪರಿಶೀಲಿಸಲು ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ರಾಷ್ಟ್ರೀಯ ಕಾರ್ಯಪಡೆಯೊಂದನ್ನು ನೇಮಿಸಿತು. ಪರದೇಶದಲ್ಲಿಯೂ ಸ್ಥಿತಿ ಬೇರೆಯಲ್ಲ. ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯ 2018ರಲ್ಲಿ ಸುಖಜೀವನವನ್ನು ಕುರಿತ ಪಾಠಕ್ರಮವನ್ನು ಆರಂಭಿಸಿದಾಗ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಸುಮಾರು ಕಾಲುಭಾಗದಷ್ಟು ಮಂದಿ ಹೆಸರು ನೋಂದಾಯಿಸಿದರು.

ಮನೆಯವರು ಮಾಡಬಹುದಾದುದು ಬಹಳವಿದೆ. ಪವಾಯಿಗೆ ಹತ್ತಿರದ ಕಾಂಜೂರ್‌ಮಾರ್ಗ ನಿಲ್ದಾಣ ನಮ್ಮ ಸೆಂಟ್ರಲ್ ರೈಲು ಮಾರ್ಗದಲ್ಲಿಯೇ ಇದೆ. ಹಾಸ್ಟೆಲಿನ ಮಕ್ಕಳು ಭಾನುವಾರ ಮನೆಯೂಟಕ್ಕೆ ಬರಲಿ. ಆ ದಿನ ಅಂಕಗಳ ವಿಚಾರಣೆ ಬೇಡ, ನೆರೆಮನೆಯವರ ಮಕ್ಕಳೊಡನೆ ಹೋಲಿಕೆಯೂ ಬೇಡ. ಫೋನಿನಲ್ಲಿ ಮೊದಲು ಕೇಳಬೇಕಾದುದು ಊಟ, ನಿದ್ರೆ, ಗೆಳೆಯರ ವಿಷಯ. ಎರಡು ವಾರಗಳಿಗೂ ಮೀರಿ ಬೇಸರ, ನಿದ್ರಾಹೀನತೆ, ಊಟದಲ್ಲಿ ಅರುಚಿ, ಯಾರೊಡನೆಯೂ ಬೆರೆಯದಿರುವಿಕೆ ಕಂಡರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಂದರೆ ಗದರಿಸದೆ ಪೂರ್ತಿ ಆಲಿಸಬೇಕು, ಒಂಟಿಯಾಗಿ ಬಿಡಕೂಡದು, ತಡಮಾಡದೆ ಚಿಕಿತ್ಸೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಕ್ಕಳನ್ನು ಉತ್ತಮ ವಿದ್ಯಾಲಯಕ್ಕೆ ಕಳುಹಿಸಲು ನಾವು ಪಡುವ ಶ್ರಮದಲ್ಲಿ ಒಂದಂಶವನ್ನಾದರೂ ಅವರು ಅಲ್ಲಿ ನೆಮ್ಮದಿಯಿಂದಿರುವಂತೆ ನೋಡಿಕೊಳ್ಳಲು ಮೀಸಲಿಡೋಣ.