ಬೇಲಂ ಗುಹೆಗೆ ಹೊರಟಿದ್ದೀರಾ? ಮನೇಲಿ ಹಿರಿಯರಿದ್ರೆ ಇದನ್ನ ಓದಿ

ಪಾಂಡವಪುರ: ನಮ್ಮ ಕುಂತಿಬೆಟ್ಟದಲ್ಲೇ ಗುಹೆ ಇರುವಾಗ ಆಂಧ್ರದ ಬೇಲಂಗೆ ಯಾಕೆ ಹೋಗ್ಬೇಕು ಅಂತ ಕೇಳೋರಿದ್ದಾರೆ. ವ್ಯತ್ಯಾಸ ಇರೋದು ಕಲ್ಲಲ್ಲಿ. ಕುಂತಿಬೆಟ್ಟದ್ದು ಗ್ರಾನೈಟ್. ಬಂಡೆಗಳ ನಡುವೆ ಉಳಿದ ಸಂದೇ ಇಲ್ಲಿ ಗುಹೆ. ನಂದ್ಯಾಲ ಜಿಲ್ಲೆಯ ಬೇಲಂನಲ್ಲಿರೋದು ಸುಣ್ಣದಕಲ್ಲು. ಅದನ್ನ ನೀರು ಲಕ್ಷಾಂತರ ವರ್ಷ ಕರಗಿಸಿ, ನೆಲದೊಳಗೆ 3,229 ಮೀಟರ್ ದಾರಿ ಮಾಡಿದೆ. ಪ್ರವಾಸಿಗರಿಗೆ ತೆರೆದಿರೋದು ಸುಮಾರು ಒಂದೂವರೆ ಕಿ.ಮೀ. ತೀರಾ ಆಳದ ಜಾಗ ಪಾತಾಳಗಂಗೆ, 46 ಮೀಟರ್ ಕೆಳಗೆ.

ಗುಹೆ ಅಂದ್ರೆ ತಂಪು ಅಂದ್ಕೋಬೇಡಿ. ಒಳಗೆ ಸೆಕೆ ಜಾಸ್ತಿ, ಅದಕ್ಕೇ ಹೊರಗಿಂದ ಗಾಳಿ ಬಿಡ್ತಾರೆ. ಕೆಲವು ಕಡೆ ಬಗ್ಗಿ ನಡೀಬೇಕು. ಉಬ್ಬಸ, ಹೃದಯದ ತೊಂದರೆ, ಮಂಡಿನೋವು ಇರೋರು ಶುರುವಿನ ದೊಡ್ಡ ಜಾಗ ನೋಡಿ ವಾಪಸ್ ಬರೋದು ಒಳ್ಳೇದು. ಇಳಿದಷ್ಟೂ ಹತ್ತಲೇಬೇಕು, ನೆನಪಿರಲಿ.